ಹುಣಸೆಹಣ್ಣು ಹಾಕಿ ಉಜ್ಜಿದ ಪಟರ್

ಹೊನ್ನಯ್ಯನಿಗೆ ಸಿಟ್ಟು ಬಂದರೆ ಎದುರಿಗೆ ನಿಂತವನು ಯಾರು ಅನ್ನುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಬೇಲೂರಿನಿಂದ ಅರೇಹಳ್ಳಿಗೆ ಹೋಗುವ ದಾರಿಯಲ್ಲಿ ಕಾಫಿ ತೋಟದ ಯಜಮಾನರು ಸೇರಿ ಮಾಡಿಕೊಂಡ ಗಾಲ್ಫ್ ಕ್ಲಬ್ಬಿನಲ್ಲಿ ಅವನು ಇಪ್ಪತ್ತೆರಡು ವರ್ಷ ದುಡಿದಿದ್ದ. ಅಷ್ಟರಲ್ಲಿ ಇಬ್ಬರು ಅಧ್ಯಕ್ಷರಿಗೆ ಮುಖದ ಮೇಲೆ ಅಂದಿದ್ದ, ಒಬ್ಬ ಹಲ್ಲಿನ ಡಾಕ್ಟರ ಗಾಲ್ಫ್ ಚೀಲವನ್ನು ಮೆಟ್ಟಿಲ ಮೇಲಿಂದ ಉರುಳಿಸಿದ್ದ, ಅಡುಗೆಮನೆಯ ಭಟ್ಟರ ಜೊತೆ ಏಳು ವರ್ಷದಿಂದ ಮಾತು ಬಿಟ್ಟಿದ್ದ. ಆದರೂ ಅವನನ್ನು ಮನೆಗೆ ಕಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸೊಟ್ಟಗಾದ ಕೋಲನ್ನು ನೆಟ್ಟಗೆ ಮಾಡುವ, ನೆಟ್ಟಗಿದ್ದದ್ದನ್ನು ಬೇಕಾದಷ್ಟೇ ಬಗ್ಗಿಸುವ ಅಂಥ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಊರು ಜಾವಗಲ್ಲಿನ ಪಕ್ಕ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ. ಬಿಟ್ಟ ಅನ್ನುವುದಕ್ಕಿಂತ, ಮೇಷ್ಟ್ರು ಕಿವಿ ಹಿಂಡಿದಾಗ ಸ್ಲೇಟು ಎಸೆದು ಎದ್ದು ಬಂದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೂಲಿ ಗುಂಪಿನ ಜೊತೆ ಲಂಟಾನ ಕಡಿಯಲು ಕ್ಲಬ್ಬಿಗೆ ಬಂದವನು ಅಲ್ಲೇ ನಿಂತ.

ಆಗ ಅಲ್ಲಿ ಕುಳಿಯ ಸುತ್ತ ಹುಲ್ಲು ಇರಲಿಲ್ಲ. ಮರಳಿಗೆ ಹಳೇ ಇಂಜಿನ್ ಎಣ್ಣೆ ಕಲಸಿ ದುಂಡಗೆ ಹಾಸುತ್ತಿದ್ದರು. ಅದನ್ನು ಬ್ರೌನು ಅನ್ನುತ್ತಿದ್ದರು. ಆಟಗಾರನ ಚೆಂಡು ಅದರ ಮೇಲೆ ಬಂದು ಬಿದ್ದರೆ, ಚೆಂಡಿನಿಂದ ಕುಳಿಯ ತನಕ ಹಲಗೆ ಎಳೆದು ದಾರಿ ಸಮ ಮಾಡಿ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂರುವುದು ಹೊನ್ನಯ್ಯನ ಕೆಲಸ. ದಿನಕ್ಕೆ ನೂರಾರು ಸಲ ಕೂತ. ಕೂತಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಆಟಗಾರರ ಮುಖವಲ್ಲ. ಅವರ ಪಾದ, ಕೈಗಂಟು, ಮತ್ತು ಪಟರ್.

ಪಟರ್ ಅಂದರೆ ಚೆಂಡನ್ನು ಬಾರಿಸುವ ಕೋಲಲ್ಲ, ಕುಳಿಯ ಒಳಕ್ಕೆ ಉರುಳಿಸುವ ಕೋಲು. ಚೀಲದಲ್ಲಿ ಹದಿನಾಲ್ಕು ಕೋಲಿದ್ದರೆ ಹದಿಮೂರು ಒಂದು ತೂಕ, ಇದೊಂದು ಒಂದು ತೂಕ. ಮುನ್ನೂರು ಗಜ ಹೊಡೆದದ್ದೂ ಒಂದೇ ಏಟು, ಮೂರಡಿ ದೂರದಿಂದ ತಪ್ಪಿದ್ದೂ ಒಂದೇ ಏಟು. ಆ ಮೂರಡಿಯ ಹತ್ತಿರ ದೊಡ್ಡ ದೊಡ್ಡ ಯಜಮಾನರ ತೊಡೆ ನಡುಗುವುದನ್ನು ಹೊನ್ನಯ್ಯ ನೆಲಮಟ್ಟದಿಂದ ನೋಡಿ ಒಳಗೊಳಗೇ ನಕ್ಕಿದ್ದ.

ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ವೃತ್ತಿಪರರು ವರ್ಷಕ್ಕೊಮ್ಮೆ ಪಂದ್ಯಕ್ಕೆ ಬರುತ್ತಿದ್ದರು. ಅವರನ್ನು ಮಾತ್ರ ಅವನು ಎವೆಯಿಕ್ಕದೆ ನೋಡುತ್ತಿದ್ದ. ಕ್ಲಬ್ಬಿನ ಮೆಂಬರುಗಳು ಅಂಗಡಿಯಲ್ಲಿ ಮಿರಮಿರ ಮಿಂಚಿದ್ದನ್ನು ತರುತ್ತಾರೆ. ಈ ಜನ ಹಾಗಲ್ಲ. ಕೋಲನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗುತ್ತಾರೆ. ಕೆಲವು ಪಟರಿನ ಮುಖ ಆಕಾಶ ನೋಡಿಕೊಂಡು ಮಲಗುತ್ತದೆ. ಕೆಲವುಗಳ ಮೂತಿ, ತಲೆಯ ಆ ಕಡೆಯ ತುದಿ, ನೆಲಕ್ಕೆ ಜೋಲುತ್ತದೆ. ಗಡಿಯಾರದ ಲೋಲಕದ ಹಾಗೆ ಕೈಯನ್ನು ನೇರ ಹಿಂದೆ, ನೇರ ಮುಂದೆ ಆಡಿಸುವವನಿಗೆ ಮೊದಲನೆಯದು. ಬಾಗಿಲು ತೆರೆದು ಮುಚ್ಚಿದ ಹಾಗೆ ಮೈಸುತ್ತ ಆಡಿಸುವವನಿಗೆ ಎರಡನೆಯದು. ಅದಲು ಬದಲಾದರೆ ಜೀವಮಾನವೆಲ್ಲ ಕೋಲಿನ ಜೊತೆ ಗುದ್ದಾಟ. ಆಮೇಲೆ ಹಿಡಿಯನ್ನು ಸಡಿಲವಾಗಿ ಹಿಡಿದು, ಮುಖದ ಮೇಲೆ ಉಗುರಿನಿಂದ ಟಕ್ಕ ಟಕ್ಕ ಬಡಿಯುತ್ತಾರೆ. ಎಲ್ಲಿ ಬಡಿದರೆ ಕೋಲು ಕೈಯಲ್ಲಿ ತಿರುಚುವುದಿಲ್ಲವೋ ಅಲ್ಲೇ ಚೆಂಡು ತಾಗಬೇಕು. ಕಡೆಗೆ ಹುಬ್ಬಿನ ನಡುವಿನಿಂದ ಒಂದು ಚೆಂಡು ಕೆಳಗೆ ಬಿಡುತ್ತಾರೆ. ಅದು ಕೆಳಗಿಟ್ಟ ಚೆಂಡಿನ ಮೇಲೇ ಬಿದ್ದರೆ ಕಣ್ಣು ನೆಟ್ಟಗಿದೆ ಅಂತ ಲೆಕ್ಕ.

ಇಷ್ಟನ್ನೂ ಹೊನ್ನಯ್ಯನಿಗೆ ಯಾರೂ ಹೇಳಿಕೊಡಲಿಲ್ಲ. ಕೇಳಿದರೆ ಹೇಳುವ ಜನವೂ ಅಲ್ಲ ಅವರು. ಅರಸೀಕೆರೆಯ ಹಳೇ ಕಬ್ಬಿಣದ ಅಂಗಡಿಯಿಂದ ಸಾಮಾನು ಕಚ್ಚಿ ಹಿಡಿಯುವ ಒಂದು ವೈಸು ತಂದು, ಚೀಲಗಳನ್ನು ಇಡುವ ಬ್ಯಾಗ್ ರೂಮಿನ ಮೂಲೆಯ ಮೇಜಿಗೆ ಬಿಗಿದ. ಹಿಡಿ ಬದಲಿಸುವುದು, ತಲೆಗೆ ಕೋಲು ಸೇರುವ ಕತ್ತು ಬಗ್ಗಿಸುವುದು, ಸೀಸದ ಪಟ್ಟಿ ಅಂಟಿಸಿ ತೂಕ ಕೂಡಿಸುವುದು, ಎಲ್ಲ ಕಲಿತ. ತೊಂಬತ್ತೊಂಬತ್ತರಲ್ಲಿ ಬ್ರೌನು ಕಿತ್ತು ಹುಲ್ಲು ಬೆಳೆಸಿ ಗ್ರೀನು ಮಾಡಿದಾಗ ಹಲಗೆ ಎಳೆಯುವ ಕೆಲಸ ಹೋಯಿತು. ಅಷ್ಟೊತ್ತಿಗೆ ಆ ಮೂಲೆ ಅವನದಾಗಿತ್ತು.

ಅವನ ಹೆಂಡತಿ ದೇವೀರಮ್ಮ ಅದೇ ಕ್ಲಬ್ಬಿನಲ್ಲಿ ಕಸ ಗುಡಿಸಿ, ಪಾತ್ರೆ ಪಡಗ, ಬಹುಮಾನದ ಕಪ್ಪು ಬೆಳಗುವವಳು. ಹನ್ನೊಂದು ವರ್ಷದಲ್ಲಿ ಒಂದು ಚಮಚ ಕಳೆದಿಲ್ಲ, ಒಂದು ಸುಳ್ಳು ಹೇಳಿಲ್ಲ. ಗಂಡನಷ್ಟು ಬಾಯಿಯಿಲ್ಲ. ಆದರೆ ಆಡಿದ ಒಂದು ಮಾತು ನಾಲ್ಕು ದಿನ ಉರಿಯುತ್ತದೆ.

ಇನ್ನು ಧರ್ಮೇಶ. ಇವರದೇ ಕೇರಿ, ಇವರದೇ ಜನ. ಎಂಬತ್ತೇಳರಲ್ಲಿ ಚೀಲ ಹೊರಲು ಬಂದವನಿಗೆ ಬ್ರೌನಿನ ಮೇಲೆ ಚೆಂಡು ಉರುಳಿಸಲು ಕಲಿಸಿದವನು ಹೊನ್ನಯ್ಯ. ತೊಂಬತ್ತೊಂದರಲ್ಲಿ ಬೆಂಗಳೂರಿಗೆ ಹೊರಟಾಗ, ಯಾರೋ ದೊರೆ ಮುರಿದು ಬಿಸಾಡಿದ್ದ ಹಿತ್ತಾಳೆ ಪಟರಿನ ತಲೆಗೆ ಹೊಸ ಕೋಲು ಹಾಕಿ, ಅವನ ನಿಲುವಿಗೆ ತಕ್ಕ ಹಾಗೆ ಕತ್ತು ಬಗ್ಗಿಸಿ ಕೊಟ್ಟವನೂ ಹೊನ್ನಯ್ಯನೇ. ಅದೇ ಪಟರಿನಲ್ಲಿ ಧರ್ಮೇಶ ವೃತ್ತಿಪರನಾದ, ಪೇಪರಿನಲ್ಲಿ ಫೋಟೋ ಬಂತು. ಈ ಪಟರ್ ಎಲ್ಲಿಂದ ಸಿಕ್ಕಿತು ಅಂತ ಪೇಪರಿನವರು ಕೇಳಿದ್ದಕ್ಕೆ, ಬೆಂಗಳೂರಿನ ಒಂದು ಹಳೇ ಅಂಗಡಿಯಲ್ಲಿ ತಾನೇ ಆರಿಸಿದೆ ಅಂದನಂತೆ. ಯಾರೋ ಅದನ್ನು ಓದಿ ಹೇಳಿದ ದಿನ ಹೊನ್ನಯ್ಯ ಮಧ್ಯಾಹ್ನದ ಊಟ ಬಿಟ್ಟ.

ಎರಡು ಸಾವಿರದ ಮೂರನೇ ಇಸವಿ, ಕಾಫಿ ಕೊಯ್ಲು ಮುಗಿದ ಫೆಬ್ರವರಿ. ಶುಕ್ರವಾರದಿಂದ ಭಾನುವಾರದ ತನಕ ಮೂರು ದಿನದ ಪಂದ್ಯ. ಗುರುವಾರ ಮಧ್ಯಾಹ್ನ ಧರ್ಮೇಶ ಕಾರಿನಲ್ಲಿ ಬಂದಿಳಿದ. ಹೊನ್ನಯ್ಯ ಹಿಡಿ ಅಂಟಿಸಲು ಬೇಕಾದ ಥಿನ್ನರ್ ತರಲು ಬೇಲೂರಿಗೆ ಹೋಗಿದ್ದ. ದೇವೀರಮ್ಮ ಜಗಲಿಯಲ್ಲಿ ಬಹುಮಾನದ ಕಪ್ಪುಗಳನ್ನು ಹರಡಿಕೊಂಡು, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು.

ಧರ್ಮೇಶ ಕಿವಿಗೆ ಮೊಬೈಲು ಒತ್ತಿಕೊಂಡೇ ಚೀಲವನ್ನು ಅವಳ ಪಕ್ಕಕ್ಕೆ ಒರಗಿಸಿದ.

"ನೋಡಮ್ಮ, ಮಣ್ಣಾಗಿದೆ. ಎಲ್ಲಾ ತೊಳೆದು ನೀಟಾಗಿ ಇಟ್ಬಿಡು."

"ಯಾಕ್ಲಾ ಧರ್ಮೇಶ, ಗುರ್ತು ಸಿಗ್ಲಿಲ್ವಾ?" ಅಂದಳು ದೇವೀರಮ್ಮ.

"ಹಾಂ ಹಾಂ, ಆಮೇಲೆ ಮಾತಾಡೋಣ," ಅಂದು ಫೋನಿನಲ್ಲಿ ನಗುತ್ತ ಒಳಗೆ ಹೋದ.

ಅವಳು ಒಂದೊಂದೇ ಕೋಲು ತೆಗೆದು ತೊಳೆದು ಒರೆಸಿದಳು. ಕಡೆಗೆ ಕೈಗೆ ಬಂತು ಆ ಪಟರ್. ಮೋರಿಯಲ್ಲಿ ಬಿದ್ದಿದ್ದ ಹಾಗೆ ಕರ್ರಗಾಗಿತ್ತು. ಉಗುರಲ್ಲಿ ಕೆರೆದು ನೋಡಿದರೆ ಹಿತ್ತಾಳೆ. ಹಿತ್ತಾಳೆ ಇಷ್ಟು ಕಪ್ಪಗಿದ್ದರೆ ಯಾವ ಹೆಂಗಸಿಗೆ ಮನಸ್ಸು ತಡೆಯುತ್ತದೆ? ಎಲ್ಲಾ ತೊಳಿ ಅಂದವನು ಅವನೇ. ಒಂದು ಹಿಡಿ ಹುಣಸೆಹಣ್ಣು ಮೆತ್ತಿ ಉಜ್ಜಿದಳು. ಹಿಂಬದಿಗೆ ಅಂಟಿಸಿದ್ದ ಸೀಸದ ಪಟ್ಟಿ ಕಳಚಿ ಬಿತ್ತು. ಅದನ್ನೂ ತೊಳೆದು ಪಕ್ಕಕ್ಕಿಟ್ಟಳು. ಸಂಜೆ ನಾಲ್ಕರ ಬಿಸಿಲಿಗೆ ಪಟರ್ ಬಂಗಾರದ ಹಾಗೆ ಕಣ್ಣು ಕುಕ್ಕಿತು.

ಬೇಲೂರಿನಿಂದ ಬಂದ ಹೊನ್ನಯ್ಯ ಜಗಲಿ ಹತ್ತಿದವನೇ ಹಣೆ ಬಡಿದುಕೊಂಡ.

"ಅಯ್ಯೋ ಇವಳೇ, ಏನ್ ಮಾಡ್ದೆ ಇದ!"

"ತೊಳಿ ಅಂದ, ತೊಳ್ದೆ."

"ಆ ಕಪ್ಪು ಕೊಳೆ ಅಲ್ಲ ಕಣೇ. ಬಿಸ್ಲು ಬಿದ್ರೆ ಹೊಳೀದಿರ್ಲಿ ಅಂತ ಬೇಕಂತ್ಲೇ ಬಿಟ್ಟಿರ್ತಾರೆ."

"ಬಿಟ್ಟಿದ್ರೆ ಬಾಯಲ್ಲಿ ಹೇಳ್ಬೇಕಿತ್ತು."

ಸೀಸದ ಪಟ್ಟಿಯನ್ನು ಅವನು ಮೊದಲಿದ್ದ ಜಾಗಕ್ಕೇ ಅಂಟಿಸಿದ. ತೂಕ ಸರಿಹೋಯಿತು. ಉಳಿದದ್ದು ಹೊಳಪು ಒಂದೇ. ಅಷ್ಟರಲ್ಲಿ ಧರ್ಮೇಶ ಕಾರ್ಯದರ್ಶಿ ವಿಮಲನಾಥರ ಜೊತೆ, ಇನ್ನಿಬ್ಬರು ಆಟಗಾರರ ಜೊತೆ ಹೊರಗೆ ಬಂದ. ಪಟರ್ ನೋಡಿದವನ ಮುಖ ಸುಟ್ಟ ಬದನೆಕಾಯಿ ಆಯಿತು.

"ಯಾರು ಮುಟ್ಟಿದ್ದು ಇದನ್ನ? ಹನ್ನೆರಡು ವರ್ಷದಿಂದ ಇದರ ಮುಖ ನೋಡ್ಕೊಂಡು ಆಡ್ತಿದ್ದೀನಿ ನಾನು! ನಾಳೆ ಬೆಳಗ್ಗೆ ಆಟ ಇದೆ!"

"ನೀನೇ ಅಂದ್ಯಲ್ಲಪ್ಪಾ, ಎಲ್ಲಾ ತೊಳ್ದಿಡು ಅಂತ," ಅಂದಳು ದೇವೀರಮ್ಮ.

ಪಕ್ಕದಲ್ಲಿ ನಿಂತಿದ್ದ ಆಟಗಾರನೊಬ್ಬ ಕಿಸಕ್ಕನೆ ನಕ್ಕ. ತನ್ನ ಪಟರನ್ನು ತಾನೇ ತೊಳೆಯಲು ಕೊಟ್ಟ ದಡ್ಡ ಅನ್ನುವ ಹಾಗಿತ್ತು ಆ ನಗು. ಧರ್ಮೇಶನ ಕಿವಿ ಕೆಂಪಾಯಿತು.

"ನಾನಾ? ನಾನು ಯಾವಾಗ ಹೇಳ್ದೆ? ಚೀಲ ಇಟ್ಟು ಹೋದೆ, ಅಷ್ಟೇ. ಸುಳ್ಳು ಹೇಳ್ತಿದ್ದಾಳೆ ಸಾರ್. ಕಂಡವರ ಚೀಲಕ್ಕೆ ಕೈ ಹಾಕೋ ಅಭ್ಯಾಸ ಇರ್ಬೇಕು."

ಹೊನ್ನಯ್ಯ ಒಂದು ಹೆಜ್ಜೆ ಮುಂದಿಟ್ಟ. "ಏನಂದ್ಯೋ? ಇನ್ನೊಂದ್ಸಲ ಅನ್ನು."

"ಹೊನ್ನಯ್ಯ, ಸುಮ್ಮನಿರಿ," ಅಂದರು ವಿಮಲನಾಥ. ಗಟ್ಟಿ ದನಿಯ ಮನುಷ್ಯರಲ್ಲ ಅವರು. ಯಾವುದನ್ನೂ ಕೂಗಿ ಹೇಳುವುದಿಲ್ಲ, ಹೇಳಿದ ಮೇಲೆ ಬದಲಿಸುವುದೂ ಇಲ್ಲ. "ದೇವೀರಮ್ಮ, ಅತಿಥಿಗಳ ಸಾಮಾನಿನ ವಿಷಯದಲ್ಲಿ ಹೀಗಾಗಬಾರದಿತ್ತು. ಮಾಡಿದ್ದೂ ಅಲ್ಲದೆ ಅವರ ಮೇಲೆ ಹಾಕ್ತೀರಲ್ಲ. ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ದೇವೀರಮ್ಮ ಅಳಲಿಲ್ಲ. ಕೈ ತೊಳೆದುಕೊಂಡಳು. ಧರ್ಮೇಶನ ಮುಖವನ್ನು ಒಂದು ಗಳಿಗೆ ನೋಡಿದಳು. ಅವನು ಮೊಬೈಲು ನೋಡಿಕೊಂಡ. ಹುಣಸೆಹಣ್ಣಿನ ಬಟ್ಟಲನ್ನು ಅಲ್ಲೇ ಬಿಟ್ಟು ಕ್ಲಬ್ಬಿನ ಹಿಂದೆ ಕೆಲಸದವರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಗೆ ನಡೆದಳು.

ಕೆಲಸ ಹೋದದ್ದು ಒಂದು ಕಡೆ. ಲೈನಿನ ಆರು ಮನೆಗೂ ಅಷ್ಟೊತ್ತಿಗೆ ಸುದ್ದಿ ಮುಟ್ಟಿತ್ತು: ದೇವೀರಮ್ಮ ಚೀಲಕ್ಕೆ ಕೈ ಹಾಕಿದಳಂತೆ. ಪಕ್ಕದ ಮನೆಯ ಮುನಿಯಮ್ಮ ಮಾತಾಡಿಸುವ ನೆಪದಲ್ಲಿ ಬಂದು, "ಹೋಗ್ಲಿ ಬಿಡಕ್ಕ, ಆಸೆ ಯಾರ್ನ ಬಿಡ್ತದೆ," ಅಂದಳು. ಹೊನ್ನಯ್ಯ ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದ. ಮುನಿಯಮ್ಮ ಓಡಿದಳು.

"ಅವಳಿಗ್ಯಾಕೆ ಎಸೀತೀಯ?" ಅಂದಳು ದೇವೀರಮ್ಮ. "ಹೇಳ್ದೋನು ಅಲ್ಲಿ ಕಾಫಿ ಕುಡೀತಾ ಕೂತವ್ನೆ. ಅವ್ನ ಬಾಯಲ್ಲಿ ನಿಜ ಬರ್ಬೇಕು. ಬೇರೆ ಏನೂ ಬ್ಯಾಡ ನಂಗೆ."

ಶುಕ್ರವಾರ ಧರ್ಮೇಶ ಹೊಳೆಯುವ ಪಟರಿನಲ್ಲೇ ಆಡಿದ. ಹೊನ್ನಯ್ಯ ಬ್ಯಾಗ್ ರೂಮಿನ ಬಾಗಿಲಲ್ಲಿ ನಿಂತು ಒಂಬತ್ತನೇ ಗ್ರೀನು ನೋಡುತ್ತಿದ್ದ. ನಾಲ್ಕಡಿ ದೂರದ ಚೆಂಡು. ಧರ್ಮೇಶ ತಳ್ಳಿದ. ಕುಳಿಯ ಬಲ ಅಂಚು ಸವರಿಕೊಂಡು ಹೋಯಿತು. ಆ ದಿನ ಅಂಥವು ಏಳು ತಪ್ಪಿದವು, ಏಳೂ ಬಲಕ್ಕೆ. ಸುತ್ತು ಮುಗಿಸಿ ಬಂದವನು ಎಲ್ಲರಿಗೂ ಕೇಳುವಂತೆ ಗೊಣಗಿದ: "ಬಿಸಿಲಿಗೆ ಕಣ್ಣಿಗೆ ಹೊಡೀತಿದೆ. ಆ ಹೆಂಗಸು ನನ್ನ ಪಂದ್ಯ ಹಾಳು ಮಾಡಿದ್ಲು."

ಹಾಳಾಗಲಿ ಅಂತಲೇ ಹೊನ್ನಯ್ಯನ ಮನಸ್ಸೂ ಅಂದಿತು. ಆದರೆ ಕಣ್ಣು ಬೇರೆ ಏನನ್ನೋ ಹಿಡಿದಿತ್ತು. ಹೊಳಪಿನಿಂದ ಕಣ್ಣು ಕೋರೈಸಿದರೆ ಒಂದು ಬಲಕ್ಕೆ ಹೋದೀತು, ಒಂದು ಎಡಕ್ಕೆ ಹೋದೀತು. ಏಳಕ್ಕೆ ಏಳೂ ಬಲಕ್ಕೆ ಹೋಗುವುದಿಲ್ಲ.

ಸಂಜೆ ಚೀಲಗಳೆಲ್ಲ ಬ್ಯಾಗ್ ರೂಮಿಗೆ ಬಂದವು. ಹೊನ್ನಯ್ಯ ಆ ಪಟರನ್ನು ತೆಗೆದು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. ನಿನ್ನೆ ಕನ್ನಡಿಯ ಹಾಗಿದ್ದ ತಳದಲ್ಲಿ ಒಂದು ದಿನದ ಗೀರು ಬಿದ್ದಿತ್ತು. ಗೀರೆಲ್ಲ ಮೂತಿಯ ತುದಿಯಲ್ಲಿ. ಹಿಮ್ಮಡಿಯ ಕಡೆ, ಕೋಲು ಸೇರುವ ಕಡೆ, ಒಂದು ಗೆರೆಯಿಲ್ಲ. ಅಂದರೆ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇಲ್ಲ. ಮೂತಿ ಮಾತ್ರ ಹುಲ್ಲು ಕೆರೆಯುತ್ತಿದೆ. ಹಿಮ್ಮಡಿ ಎತ್ತಿ ನಿಂತ ಪಟರಿನ ಮುಖ ಬಲಕ್ಕೆ ತಿರುಗುತ್ತದೆ. ಹತ್ತು ವರ್ಷದ ಕಪ್ಪಿನೊಳಗೆ ಈ ಗುರುತು ಯಾರಿಗೂ ಕಾಣುತ್ತಿರಲಿಲ್ಲ. ದೇವೀರಮ್ಮ ಉಜ್ಜಿದ್ದಕ್ಕೆ ಕಂಡಿತು.

ಕಾರಣವೂ ಹೊಳೆಯಿತು. ಹತ್ತೊಂಬತ್ತರ ಪ್ರಾಯದ ಧರ್ಮೇಶ ಬ್ರೌನಿನ ಮೇಲೆ ಸೊಂಟ ಮುರಿದವನ ಹಾಗೆ ಬಗ್ಗಿ ನಿಲ್ಲುತ್ತಿದ್ದ. ಕೈ ಮೊಣಕಾಲ ಹತ್ತಿರ. ಆ ನಿಲುವಿಗೆ ಕತ್ತು ಬಗ್ಗಿಸಿದ್ದು. ಈಗ ಮೂವತ್ತೊಂದು. ಬೆನ್ನು ನೋವು ಅಂತ ನಡುಪಟ್ಟಿ ಕಟ್ಟಿಕೊಂಡು ನೆಟ್ಟಗೆ ನಿಲ್ಲುತ್ತಾನೆ. ಕೈ ಮೇಲೆ ಹೋಯಿತು, ಪಟರಿನ ಹಿಮ್ಮಡಿ ಎದ್ದಿತು. ಮೈ ಬದಲಾಯಿತು, ಕೋಲು ಬದಲಾಗಲಿಲ್ಲ. ಎರಡು ಡಿಗ್ರಿ ನೆಟ್ಟಗೆ ಮಾಡಿದರೆ ಸಾಕು.

ಅವನು ಅದನ್ನು ಚೀಲಕ್ಕೆ ವಾಪಸು ಹಾಕಿ ಸುಮ್ಮನಾದ.

ಶನಿವಾರ ಧರ್ಮೇಶ ಅದನ್ನು ಬ್ಯಾಗ್ ರೂಮಿನಲ್ಲೇ ಬಿಟ್ಟು, ಬೆಂಗಳೂರಿನ ಕಂಪನಿಯವರು ಬಿಟ್ಟಿಯಾಗಿ ಕೊಟ್ಟಿದ್ದ, ಇಸ್ತ್ರಿಪೆಟ್ಟಿಗೆಯಷ್ಟು ದಪ್ಪ ತಲೆಯ ಹೊಸ ಪಟರ್ ಹಿಡಿದು ಹೋದ. ಅದರ ಮುಖ ಆಕಾಶ ನೋಡುವಂಥದ್ದು. ಇವನದು ಬಾಗಿಲು ತೆರೆಯುವ ಕೈ. ನಾಲ್ಕು ಕಡೆ ಮೂರು ಮೂರು ಸಲ ತಳ್ಳಿದ. ಶುಕ್ರವಾರ ಏಳು ತಪ್ಪಿಯೂ ಹೇಗೋ ಮೂರನೇ ಜಾಗದಲ್ಲಿ ಉಳಿದಿದ್ದವನು ಹನ್ನೊಂದಕ್ಕೆ ಇಳಿದ. ಮಧ್ಯಾಹ್ನ ಬ್ಯಾಗ್ ರೂಮಿಗೆ ನುಗ್ಗಿದಾಗ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಹೊನ್ನಯ್ಯ, ಇದನ್ನ ಕಪ್ಪು ಮಾಡ್ಕೊಡು. ಹೊಗೆ ಹಾಕ್ತೀಯೋ, ಗಂಜಳದಲ್ಲಿ ಮುಳುಗಿಸ್ತೀಯೋ, ನಂಗೊತ್ತಿಲ್ಲ. ನಾಳೆ ಬೆಳಗ್ಗೆಗೆ ಮೊದಲಿನ ಹಂಗೆ ಆಗ್ಬೇಕು."

"ಕಪ್ಪು ಮಾಡಿದ್ರೂ ಬಲಕ್ಕೇ ಹೋಗ್ತೈತೆ."

ಧರ್ಮೇಶ ನಿಂತ. "ಏನು?"

"ಏಳು ತಪ್ತು ಶುಕ್ರವಾರ. ಒಂದಾದ್ರೂ ಎಡಕ್ಕೆ ಹೋಯ್ತಾ? ಹೊಳಪಿಗೂ ಅದಕ್ಕೂ ಸಂಬಂಧ ಇಲ್ಲ ಕಣೋ. ಬೆಂಗ್ಳೂರಲ್ಲೂ ಆರು ತಿಂಗ್ಳಿಂದ ಹಂಗೇ ಹೋಗ್ತಿರ್ಬೇಕು. ಹೌದೋ ಅಲ್ವೋ?"

ಹೌದು ಅನ್ನುವುದು ಧರ್ಮೇಶನ ಮುಖದಲ್ಲೇ ಇತ್ತು. "ಏನಾಗಿದೆ ಹೇಳು ಹಂಗಾದ್ರೆ."

"ಏನಾಗೈತೆ ಅಂತ ಗೊತ್ತು. ಸರಿ ಮಾಡೋದೂ ಗೊತ್ತು. ಹತ್ತು ನಿಮಿಷದ ಕೆಲ್ಸ."

"ಮಾಡು ಮತ್ತೆ."

"ಮೊದ್ಲು ವಿಮಲನಾಥ್ರ ಹತ್ರ ಹೋಗು. ತೊಳಿ ಅಂದೋನು ನಾನೇ ಅಂತ ಹೇಳು. ಆಮೇಲೆ ಬಾ."

ಧರ್ಮೇಶ ನಗಲು ನೋಡಿದ, ಆಗಲಿಲ್ಲ. "ನನ್ನ ಕೋಲು ಅಡ ಇಟ್ಕೊಂಡು ಆಟ ಆಡ್ತಿದ್ದೀಯಾ? ಇಡೀ ರಾಜ್ಯದಲ್ಲಿ ನೀನೊಬ್ನೇನಾ ರಿಪೇರಿ ಮಾಡೋನು?"

"ನಾಳೆ ಬೆಳಗ್ಗೆ ಎಂಟೂವರೆ ಒಳಗೆ ನಾನೊಬ್ನೇ. ಆಟ ಶುರುವಾದ ಮೇಲೆ ಬಗ್ಗಿಸಿದ್ರೆ ನಿಮ್ ರೂಲ್ಸು ನಿನ್ನ ಮನೆಗೆ ಕಳಿಸ್ತದೆ. ನೀನೇ ಬಗ್ಗಿಸ್ತೀಯಾ? ವೈಸು ಅಲ್ಲೈತೆ. ಹಳೇ ಹಿತ್ತಾಳೆ. ಒಂದ್ಸಲ ಆಕಡೆ, ಒಂದ್ಸಲ ಈಕಡೆ ಮಾಡಿದ್ರೆ ಕತ್ತು ಪಟ್ ಅಂತದೆ. ಬಗ್ಗಿಸು, ನೋಡಾನ."

"ನೀವೆಲ್ಲ ಇಲ್ಲೇ ಕೊಳೀರಿ," ಅಂದ ಧರ್ಮೇಶ. "ನಮ್ಮವನೊಬ್ಬ ಮೇಲೆ ಬಂದ್ರೆ ಕಾಲು ಹಿಡಿದು ಎಳೆಯೋದೇ ಕೆಲಸ ನಿಮಗೆ."

"ನಮ್ಮವ್ನಾ? ನಮ್ಮವ್ಳ ಮೇಲೆ ಕಳ್ತನ ಹೊರ್ಸುವಾಗ ಯಾರವ್ನಾಗಿದ್ಯೋ ನೀನು?"

ಧರ್ಮೇಶ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದ. ಪಟರ್ ಮೇಜಿನ ಮೇಲೇ ಉಳಿಯಿತು.

ಹೊನ್ನಯ್ಯ ಪಟರಿನ ತಲೆಗೆ ಚರ್ಮದ ತುಂಡು ಸುತ್ತಿ ವೈಸಿಗೆ ಕಚ್ಚಿಸಿದ. ಎರಡೂ ಕೈಯಲ್ಲಿ ಕೋಲು ಹಿಡಿದ. ಈಗ ಇನ್ನೆರಡು ಡಿಗ್ರಿ ಉಲ್ಟಾ ದಿಕ್ಕಿಗೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಅವನೇ ಬೇರೆ ದಾರಿಯಿಲ್ಲದೆ ಇದನ್ನೇ ಒಯ್ಯುತ್ತಾನೆ, ಮೂರಡಿಯಿಂದ ಕುಳಿಯ ಹತ್ತಿರವೂ ಹೋಗುವುದಿಲ್ಲ, ಜನ ಕೂತು ನಗುತ್ತಾರೆ. ತೋಳಿನ ನರ ಉಬ್ಬಿತು. ಒಂದು ಕೂದಲೆಳೆಯಷ್ಟು ಕೋಲು ಅಲ್ಲಾಡಿತು ಕೂಡ.

ಆಮೇಲೆ ಕೈ ಬಿಟ್ಟ. ಧರ್ಮೇಶನ ಮೇಲಿನ ಕರುಣೆಯಿಂದಲ್ಲ. ಅವನ ಮೇಲೆ ಹೊನ್ನಯ್ಯನಿಗೆ ಕರುಣೆ ಇರಲಿಲ್ಲ. ಇಷ್ಟು ವರ್ಷದಲ್ಲಿ ಈ ವೈಸಿನಿಂದ ಒಂದು ಕೆಟ್ಟ ಕೋಲು ಆಚೆ ಹೋಗಿರಲಿಲ್ಲ. ಹೋಗುವ ಮೊದಲನೆಯದು ಇವನದಾದರೆ, ಇವನು ಹೆಂಡತಿಯ ಹೆಸರು ಕೆಡಿಸಿದ್ದು ಸಾಲದು ಅಂತ ತನ್ನ ಕೈಯನ್ನೂ ಕೆಡಿಸಿದ ಹಾಗೆ. ವೈಸು ಸಡಿಲಿಸಿ, ಮೇಜಿಗೊಂದು ಒದೆ ಕೊಟ್ಟು ಮನೆಗೆ ಹೋದ.

ಭಾನುವಾರ ಬೆಳಗ್ಗೆ ಏಳೂ ಮುಕ್ಕಾಲು. ಧರ್ಮೇಶ ಬಂದ. ಹಿಂದೆ ವಿಮಲನಾಥರು. ಧರ್ಮೇಶನ ಕಣ್ಣು ಗೋಡೆಯ ಮೇಲಿತ್ತು.

"ಹೇಳಿದ್ದೀನಿ ಅವರಿಗೆ. ಈಗ ಮಾಡು."

"ನನ್ ಮುಂದೆ ಹೇಳ್ಲಿಲ್ಲ. ಅವಳ ಮುಂದೆ ಹೇಳ್ಲಿಲ್ಲ."

"ಟೈಮಿಲ್ಲ ಹೊನ್ನಯ್ಯ!"

"ಅವಳ ಮೇಲೆ ಸುಳ್ಳು ಹೇಳೋಕೆ ಟೈಮಿತ್ತು."

ಹೊನ್ನಯ್ಯ ಬಾಗಿಲಿಗೆ ಬಂದು ಲೈನಿನ ಕಡೆ ತಿರುಗಿ, ಆರೂ ಮನೆಗೆ ಕೇಳುವ ಹಾಗೆ, "ಏ ದೇವೀರಾ, ಬಾ ಇಲ್ಲಿ!" ಅಂತ ಕೂಗಿದ. ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ, ಏನು ನಡೆಯುತ್ತದೋ ನೋಡೋಣ ಅಂತ, ಮುನಿಯಮ್ಮ.

ಧರ್ಮೇಶ ಗಂಟಲು ಸರಿ ಮಾಡಿಕೊಂಡ. "ಆವತ್ತು... ಎಲ್ಲಾ ತೊಳಿ ಅಂದಿದ್ದು ನಾನೇ. ಪಟರ್ ಬಿಟ್ಟು ಅಂತ ಹೇಳೋದು ಮರೆತೆ."

"ಮರ್ತಿದ್ದು ಸರಿ," ಅಂದಳು ದೇವೀರಮ್ಮ. "ಆಮೇಲೆ ಅಂದಿದ್ದು?"

"ಯಾವುದು?"

"ಚೀಲಕ್ಕೆ ಕೈ ಹಾಕೋ ಅಭ್ಯಾಸ ಅಂದ್ಯಲ್ಲ. ಅದು."

ಗಡಿಯಾರ ಎಂಟು ತೋರಿಸುತ್ತಿತ್ತು. ಹೊನ್ನಯ್ಯ ವೈಸಿನ ಪಕ್ಕ ಕೈಕಟ್ಟಿ ನಿಂತಿದ್ದ. ಧರ್ಮೇಶ ಒಮ್ಮೆ ಗಡಿಯಾರ, ಒಮ್ಮೆ ಪಟರ್ ನೋಡಿ, "ಅದೂ ಸುಳ್ಳು," ಅಂದ.

ವಿಮಲನಾಥರು ಕನ್ನಡಕ ತೆಗೆದು ಒರೆಸಿದರು. "ವಿಚಾರಿಸದೆ ಮಾತಾಡಿದೆ ನಾನು. ಇವತ್ತಿನಿಂದಲೇ ಕೆಲಸಕ್ಕೆ ಬನ್ನಿ ದೇವೀರಮ್ಮ." ಅಷ್ಟು ಹೇಳಿ, ಯಾರ ಮುಖವನ್ನೂ ನೋಡದೆ ಹೋದರು. ಮುನಿಯಮ್ಮ ಆಗಲೇ ಲೈನಿಗೆ ಓಡಿದ್ದಳು.

ಹೊನ್ನಯ್ಯ ಕೆಲಸ ಹಿಡಿದ. "ನಿಂತ್ಕೋ. ನೀನು ನಿಲ್ಲೋ ಹಂಗೆ, ಫೋಟೋಗೆ ನಿಲ್ಲೋ ಹಂಗಲ್ಲ," ಅಂತ ಪಟರ್ ಕೊಟ್ಟು ನಿಲ್ಲಿಸಿದ. ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿಯ ಕೆಳಗೆ ಎಷ್ಟು ಸಂದು ಇದೆ ಅಂತ ಮಡಿಸಿದ ಕಾಗದ ತೂರಿಸಿ ನೋಡಿದ. ನಾಲ್ಕು ಮಡಿಕೆ ಹೋಯಿತು. ತಲೆಯನ್ನು ವೈಸಿಗೆ ಕಚ್ಚಿಸಿ, ಕತ್ತಿನ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ಒಂದೇ ಸಲ ಒತ್ತಿದ. ಹಿತ್ತಾಳೆ ಸಣ್ಣಗೆ ನರಳಿತು, ಬಿರಿಯಲಿಲ್ಲ. ಮತ್ತೆ ನಿಲ್ಲಿಸಿ ಕಾಗದ ತೂರಿಸಿದ. ಒಂದು ಮಡಿಕೆಯೂ ಹೋಗಲಿಲ್ಲ.

"ತಳ್ಳು."

ಸಿಮೆಂಟು ನೆಲದ ಮೇಲಿನ ಗೆರೆಯುದ್ದಕ್ಕೂ ಚೆಂಡು ದಾರ ಕಟ್ಟಿ ಎಳೆದ ಹಾಗೆ ಹೋಯಿತು. ಧರ್ಮೇಶ ಇನ್ನೊಂದು ತಳ್ಳಿದ, ಮತ್ತೊಂದು ತಳ್ಳಿದ. ಅವನ ಭುಜ ಇಳಿಯಿತು. ಏನೋ ಹೇಳಲು ಬಾಯಿ ತೆರೆದ.

"ನಡಿ, ನಡಿ," ಅಂದ ಹೊನ್ನಯ್ಯ. "ನಿನ್ ಥ್ಯಾಂಕ್ಸು ಯಾರಿಗೆ ಬೇಕು."

ಧರ್ಮೇಶ ಹೋದ. ಅರ್ಧ ಗಂಟೆಯ ಮೇಲೆ ಮೊದಲನೇ ಗ್ರೀನಿನ ಕಡೆಯಿಂದ ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎರಡನೆಯದರ ಕಡೆಯಿಂದ. ಆ ದಿನ ಅವನು ಹನ್ನೊಂದರಿಂದ ನಾಲ್ಕಕ್ಕೆ ಏರಿದ ಅಂತ ಆಮೇಲೆ ಯಾರೋ ಹೇಳಿದರು.

ಹೊನ್ನಯ್ಯನಿಗೆ ತಾನು ಗೆದ್ದ ಹಾಗಿತ್ತು. ಮೀಸೆ ತೀಡಿಕೊಂಡು ಹೆಂಡತಿಯ ಕಡೆ ತಿರುಗಿದ. ಅವಳು ಬಾಗಿಲಲ್ಲೇ ನಿಂತಿದ್ದಳು. ಮುಖ ಗಂಟಾಗಿತ್ತು.

"ಯಾಕೆ? ಹೇಳಿಸ್ದೆ ಅಲ್ವಾ ಅವ್ನ ಬಾಯಲ್ಲಿ?"

"ಹೇಳಿಸ್ದೆ." ದೇವೀರಮ್ಮ ವೈಸನ್ನು ನೋಡಿದಳು. "ಅವ್ನ ಕೋಲು ಸೊಟ್ಟಗಿತ್ತು, ಅದಕ್ಕೆ ಹೇಳ್ದ. ನೆಟ್ಟಗಿದ್ದಿದ್ರೆ?"

"ನೆಟ್ಟಗಿದ್ದಿದ್ರೆ ಏನು?"

"ನಾನು ಕಳ್ಳಿ ಆಗೇ ಇರ್ತಿದ್ದೆ. ಹನ್ನೊಂದು ವರ್ಷ ಗುಡಿಸಿದೀನಿ ಇಲ್ಲಿ. ನನ್ ಮಾತು ಯಾರೂ ನಂಬ್ಲಿಲ್ಲ. ನೀನೂ ಮೊನ್ನೆ ಜಗಲಿ ಹತ್ತಿದ ತಕ್ಷಣ ಕೇಳಿದ್ದೇನು, ಏನ್ ಮಾಡ್ದೆ ಅಂತ. ಕೋಲಿನ ಗೀರು ಬೆಳಕಿಗೆ ಹಿಡ್ದು ನೋಡ್ದೆ. ನನ್ ಮುಖ ಯಾವಾಗ ನೋಡ್ದೆ?"

ಹೊನ್ನಯ್ಯನ ಕಿವಿಗೆ ರಕ್ತ ಏರಿತು. ಮೀಸೆಯಿಂದ ಕೈ ತೆಗೆದ.

ದೇವೀರಮ್ಮ ಸೆರಗು ಸಿಕ್ಕಿಸಿಕೊಂಡಳು. ದಿನಾ ಅಡುಗೆಮನೆಯ ಹಿಂದಿನ ಬಾಗಿಲಿಂದ ಒಳಗೆ ಹೋಗುತ್ತಿದ್ದವಳು ಅವತ್ತು ಮುಂಬಾಗಿಲಿನ ಕಡೆ ಹೊರಟಳು. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದ ಮೆಂಬರುಗಳು ಒಬ್ಬರನ್ನೊಬ್ಬರು ನೋಡಿಕೊಂಡು ದಾರಿ ಬಿಟ್ಟರು.